ನಮ್ಮ ಅಂಗಳವನ್ನು ಹೆದ್ದಾರಿ ಮಾಡಿದ ಮೊಬೈಲಿನ ಅಮ್ಮನವರಿಗೆ

ಮಾನ್ಯರೇ,

ಮೊಬೈಲಿನೊಳಗೆ ಕುಳಿತು, ಊಟ ನಿದ್ರೆಗಳ ಹಂಗಿಲ್ಲದೆ ಲೋಕಕ್ಕೆಲ್ಲ ದಾರಿ ಹೇಳುತ್ತಿರುವ ತಮಗೆ, ಮಸ್ಸೂರಿಯ ಗುಡ್ಡಗಳಲ್ಲಿ ಮೂವತ್ತನಾಲ್ಕು ವರ್ಷ ಅಂಚೆ ಹಂಚಿ ನಿವೃತ್ತನಾದ ದರ್ಮಿಯಾನ್ ಸಿಂಗ್ ಪಂವಾರನ ಸಾಷ್ಟಾಂಗ ನಮಸ್ಕಾರಗಳು. ನಾವಿಬ್ಬರೂ ಒಂದೇ ಕಸುಬಿನವರು. ನಾನು ಮನೆ ತಪ್ಪಿದರೆ ನನ್ನ ಮಂಡಿ ನೋಯುತ್ತಿತ್ತು, ತಾವು ತಪ್ಪಿದರೆ ಪರರ ಕಾರು ನೋಯುತ್ತದೆ, ವ್ಯತ್ಯಾಸ ಅಷ್ಟೇ.

ಮಾಲ್ ರಸ್ತೆಯಿಂದ ನಮ್ಮ ಮನೆಗೆ ಇಳಿಯುವ ಹಾದಿಯನ್ನು ಹೇಸರಗತ್ತೆಗಳೂ ನಾನೂ ಬಿಟ್ಟರೆ ಯಾರೂ ಹಾದಿಯೆಂದು ಒಪ್ಪಿದ್ದಿಲ್ಲ. ಅದರ ಕೊನೆಗೆ ನಮ್ಮ ಅಂಗಳ, ಅಂಗಳದಾಚೆ ಪ್ರಪಾತ. ತಾವು ದಯಮಾಡಿ ಇದನ್ನು, ಹಿಮ ಕಾಣುತ್ತದೆಂದು ಹೇಳಿಕೊಳ್ಳುವ ಹೋಟೆಲೊಂದಕ್ಕೆ ಹತ್ತಿರದ ದಾರಿಯೆಂದು ಸಾರಿದ ಮೇಲೆ ಹನ್ನೊಂದು ಕಾರುಗಳು ಇಲ್ಲಿಗೆ ಬಂದಿವೆ. ಬಂದವರಿಗೆಲ್ಲ ತಾವು ಜೇನಿನಂಥ ದನಿಯಲ್ಲಿ "ನೀವು ತಲುಪಬೇಕಾದ ಸ್ಥಳ ತಲುಪಿದ್ದೀರಿ" ಎನ್ನುತ್ತೀರಿ. ಆಗ ನನ್ನ ಹೆಂಡತಿ ಗೋದಾಂಬರಿ ಹೊರಗೆ ಬಂದು, "ತಲುಪಿದ್ದೀರಿ, ಸಂತೋಷ. ಈಗ ನಮ್ಮ ಮೆಣಸಿನಕಾಯಿ ಮೇಲಿಂದ ಚಕ್ರ ತೆಗೀರಿ" ಎಂದು ಅವರನ್ನು ಬರಮಾಡಿಕೊಳ್ಳುತ್ತಾಳೆ.

ದಸರೆ ರಜೆಯ ಶನಿವಾರ ಸಂಜೆ ತಾವು ಕಳಿಸಿಕೊಟ್ಟವರು ಮೇರಠ್‌ನ ಲೋಕೇಶ್ ತ್ಯಾಗಿ ಮತ್ತು ಅವರ ತಾಯಿ, ಎಂಬತ್ತೊಂದರ ಅಂಗೂರಿ ದೇವಿ. ಕಾರು ನಮ್ಮ ಕೊಟ್ಟಿಗೆಯ ಗೋಡೆಗೂ ಅಕ್ರೋಟು ಮರಕ್ಕೂ ನಡುವೆ ಎಷ್ಟು ಅಂದವಾಗಿ ಸಿಕ್ಕಿಕೊಂಡಿತೆಂದರೆ, ಎರಡೂ ಕಡೆ ಬಾಗಿಲು ತೆರೆಯದೆ, ಮುದುಕಿಯನ್ನು ಸಾಮಾನು ಇಡುವ ಹಿಂಬಾಗಿಲಿನಿಂದ ಇಳಿಸಿಕೊಳ್ಳಬೇಕಾಯಿತು.

"ಇಲ್ಲೇ ಅಂತ ತೋರಿಸ್ತಿದೆ. ಹೋಟೆಲ್ ಎಲ್ಲಿ?" ಎಂದರು ಲೋಕೇಶ್.

"ಹೋಟೆಲ್ ಮೇಲಿನ ಗುಡ್ಡದಲ್ಲಿದೆ ಸಾಹೇಬ್ರೇ. ಇದು ನಮ್ಮ ಎಮ್ಮೆ ಮನೆ."

"ಆದ್ರೆ ಇದಕ್ಕೆ ನಾಲ್ಕೂವರೆ ಸ್ಟಾರ್ ಕೊಟ್ಟಿದ್ದಾರಲ್ರೀ!"

"ಎಮ್ಮೆಗೆ ಕೊಟ್ಟಿರ್ಬೇಕು," ಎಂದಳು ಗೋದಾಂಬರಿ.

ನಗು ಅಲ್ಲಿಗೆ ನಿಂತಿತು. ಅಂಗೂರಿ ದೇವಿಯ ಒಂದು ಕಣ್ಣು ಹೋಗಿತ್ತು, ಇನ್ನೊಂದಕ್ಕೆ ಸೋಮವಾರ ಆಪರೇಷನ್. ಉಳಿಯುತ್ತದೆಂದು ಡಾಕ್ಟರು ಮಾತು ಕೊಟ್ಟಿರಲಿಲ್ಲ. ಬೆಳಗಾಗುತ್ತಲೇ ಅವರು ಹಿಂದಿರುಗಬೇಕಿತ್ತು. "ನಮ್ಮ ಯಜಮಾನ ಸೈನ್ಯದಲ್ಲಿದ್ದ," ಎಂದರು ಮುದುಕಿ. "ಹಿಮದ ಬೆಟ್ಟ ಸಂಜೆ ಹೊತ್ತು ಗುಲಾಬಿ ಆಗುತ್ತೆ ಅಂತ ಸಾಯೋವರೆಗೂ ಕೊಚ್ಚಿಕೊಂಡ. ಸುಳ್ಳುಬುರುಕ. ಕಣ್ಣು ಹೋಗೋದ್ರೊಳಗೆ ಒಂದ್ಸಲ ನೋಡಿ ಅವನ ಸುಳ್ಳು ಹಿಡೀಬೇಕು."

ಸೂರ್ಯ ಮುಳುಗಲು ಒಂದು ಗಂಟೆಯೂ ಉಳಿದಿರಲಿಲ್ಲ. ಗ್ಯಾಸ್ ಸಿಲಿಂಡರ್ ಹೊರುವ ಸಬ್ಬಲ್ ಸಿಂಗನ ಹೇಸರಗತ್ತೆಯ ಮೇಲೆ ಗೋದಾಂಬರಿಯ ರಜಾಯಿ ಹಾಸಿ, ಮುದುಕಿಯನ್ನು ಕೂರಿಸಿ, ನನ್ನ ಹಳೆಯ ಅಂಚೆದಾರಿಯಲ್ಲಿ ಹಿಮ ಕಾಣುವ ಗುಡ್ಡದ ನೆತ್ತಿಗೆ ಹತ್ತತೊಡಗಿದೆವು. ತಾವು ಲೋಕೇಶರ ಕೈಯಿಂದ ಹೆಜ್ಜೆಗೊಮ್ಮೆ "ಹಿಂತಿರುಗಿ, ಹಿಂತಿರುಗಿ" ಎಂದು ಕಳಕಳಿ ತೋರಿಸುತ್ತಲೇ ಇದ್ದಿರಿ.

"ಆ ಹುಡುಗಿ ಬಾಯಿ ಮುಚ್ಚಿಸೋ ಲೋಕೂ," ಎಂದರು ಅಂಗೂರಿ ದೇವಿ. "ದನಿಯೇನೋ ಮೆತ್ತಗಿದೆ, ಬುದ್ಧಿ ಮಾತ್ರ ಹೇಸರಗತ್ತೆಗೇ ಜಾಸ್ತಿ."

ಕ್ಷಮಿಸಿ, ಇದು ಅವರ ಮಾತು. ನಾನು ಆಕ್ಷೇಪಿಸಲಿಲ್ಲ.

ನೆತ್ತಿ ತಲುಪಿದಾಗ ಉತ್ತರ ದಿಕ್ಕೆಲ್ಲ ಮೋಡ. ಈ ಗುಡ್ಡದ ಪ್ರತಿ ಮೆಟ್ಟಿಲೂ ನನಗೆ ಗೊತ್ತು, ಆದರೆ ಮೋಡಕ್ಕೆ ವಿಳಾಸ ಬರೆದು ಕಳಿಸುವ ವಿದ್ಯೆ ನನಗೆ ತಿಳಿಯದು. ಲೋಕೇಶ್ ಅಮ್ಮನ ಮುಖ ನೋಡಲಾರದೆ ತಮ್ಮ ಬೂಟು ನೋಡುತ್ತ ನಿಂತರು. ನಾನು ಹೇಸರಗತ್ತೆಯ ಕಿವಿ ಸವರುತ್ತ ನಿಂತೆ. ಆಮೇಲೆ, ಯಾರೂ ಕೇಳದೆಯೇ, ಮೋಡದ ಅಂಚು ಸರಿಯಿತು. ಬಂದರ್‌ಪೂಂಛ್ ಶಿಖರ ಮೊದಲು ಬೆಳ್ಳಗೆ, ನೋಡನೋಡುತ್ತ ಗುಲಾಬಿಯಾಗಿ ನಿಂತಿತು.

ಮುದುಕಿ ಉಳಿದ ಒಂದು ಕಣ್ಣನ್ನು ಕಿರಿದು ಮಾಡಿ ಶಿಖರವನ್ನು ತುದಿಯಿಂದ ಬುಡದವರೆಗೆ ನೋಡಿದರು. ಕೊನೆಗೆ, "ಹಾಳಾದವ, ನಿಜಾನೇ ಹೇಳಿದ್ದ" ಎಂದರು. "ಸುಮ್‌ಸುಮ್ನೆ ಅಷ್ಟು ವರ್ಷ ಜಗಳ ಆಡಿದೆ." ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡರು, ಮಂಜಾದೀತೆಂದು ಬೇಗ ಒರೆಸಿಕೊಂಡು ಮತ್ತೆ ನೋಡಿದರು.

ಮರುದಿನ ಬೆಳಗಿನ ಜಾವ ಎಂಟು ಮಂದಿ ಹೆಗಲು ಕೊಟ್ಟು ಕಾರನ್ನು ಎತ್ತಿ ತಿರುಗಿಸುವಾಗ ತಾವು ಎಚ್ಚರಗೊಂಡು "ನೇರವಾಗಿ ಮುಂದೆ ಸಾಗಿ" ಎಂದಿರಿ. ಮುಂದೆ ಪ್ರಪಾತವಿತ್ತು. ತಮ್ಮ ಧೈರ್ಯ ದೊಡ್ಡದು.

ಕಳೆದ ವಾರ ಲೋಕೇಶ್ ಫೋನು ಮಾಡಿದ್ದರು. ಕಣ್ಣು ಉಳಿದಿದೆ, ಸೊಸೆಯ ಅಡುಗೆಮನೆಯ ಧೂಳೆಲ್ಲ ಈಗ ಅಮ್ಮನಿಗೆ ಕಾಣುತ್ತಿದೆಯಂತೆ. ತಾವು ಸರಿದಾರಿ ತೋರಿಸಿದ್ದರೆ ಅವರು ಆ ಹೋಟೆಲಿನ ಬಾಲ್ಕನಿಯಲ್ಲಿ ಕುಳಿತು ಕಾರು ನಿಲ್ಲಿಸುವ ಜಾಗವನ್ನಷ್ಟೇ ನೋಡಿ ಹೋಗುತ್ತಿದ್ದರು ಎಂಬುದೇ ನನ್ನ ದೂರಿಗೆ ಅಡ್ಡಬಂದಿದೆ. ಆದ್ದರಿಂದ ನನ್ನ ಬಿನ್ನಹ ಇಷ್ಟೇ: ತಾವು ಒಮ್ಮೆ ಖುದ್ದಾಗಿ ಚಪ್ಪಲಿ ಮೆಟ್ಟಿ ಬಂದು ನಮ್ಮ ಹಾದಿ ಹತ್ತಿ ಇಳಿಯಬೇಕು, ಮುಂದೆ ತಪ್ಪುವುದಿದ್ದರೆ ವಾರಕ್ಕೊಮ್ಮೆ, ಮೋಡವಿಲ್ಲದ ಸಂಜೆ, ಸಣ್ಣ ಕಾರುಗಳನ್ನು ಮಾತ್ರ ದಾರಿ ತಪ್ಪಿಸಬೇಕು.

ಇನ್ನೂ ದಾರಿ ತಪ್ಪದ
ತಮ್ಮ ವಿಶ್ವಾಸಿ,
ದರ್ಮಿಯಾನ್ ಸಿಂಗ್ ಪಂವಾರ್

ತಾ.ಕ.: ಸಹಿ ಮಾಡಿದ ಮೇಲೆ ಡೆಹ್ರಾಡೂನಿನಲ್ಲಿ ತಂಗಿಯ ಮಗಳ ಮದುವೆಗೆ ಹೊರಟೆವು. ಗೋದಾಂಬರಿಯ ಹಟಕ್ಕೆ ತಮ್ಮನ್ನೇ ದಾರಿ ಕೇಳಿದೆವು. ತಲುಪಬೇಕಾದ ಸ್ಥಳ ತಲುಪಿದ್ದೇವೆಂದು ತಾವು ಹೇಳಿದ ಮಂಟಪದಲ್ಲೇ ಕುಳಿತು ಇದನ್ನು ಬರೆಯುತ್ತಿದ್ದೇನೆ. ವಧು ಯಾರೋ ತಿಳಿಯದು. ಗೋದಾಂಬರಿ ಆಗಲೇ ಆಶೀರ್ವಾದ ಮಾಡಿಯಾಗಿದೆ. ಜಿಲೇಬಿ ಚೆನ್ನಾಗಿದೆ.