ಬಾಗಿಲಿಲ್ಲದ ಗೋಡೆ

ಮೇಸ್ತ್ರಿಗೆ ಕೆಲಸ ತಪ್ಪಿ ಮೂರು ತಿಂಗಳಾಗಿತ್ತು. ಅಂದು ಬೆಳಿಗ್ಗೆ ಹೆಂಡತಿ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟಳು: "ಇವತ್ತು ಕೆಲಸ ಸಿಕ್ಕಿದ್ರೆ ಸರಿ. ಇಲ್ದಿದ್ರೆ ನಾಳೆಯಿಂದ ನನ್ನ ತಮ್ಮನ ಲಾಂಡ್ರಿಗೆ ಹೋಗಿ. ಇಸ್ತ್ರಿ ಮಾಡೋರು ಬೇಕಂತೆ."

ಇಪ್ಪತ್ತು ವರ್ಷ ಗೋಡೆ ಕಟ್ಟಿದ ಕೈ ಊರವರ ಪ್ಯಾಂಟು ಮಡಚುವುದೇ? ಅದೂ ಆ ಭಾವಮೈದುನನ ಕೈಕೆಳಗೆ? ಮದುವೆಯ ದಿನದಿಂದಲೂ ಭಾವನಿಗೆ ಬುದ್ಧಿ ಹೇಳಲು ತುದಿಗಾಲಲ್ಲಿ ನಿಂತವನು ಅವನು.

"ಕೆಲಸ ಎಲ್ಲಿಂದ ಸಿಗತ್ತೆ?" ಯಾರೂ ಕೇಳದಿದ್ದರೂ ಪಕ್ಕದ ಮನೆಯ ಟೈಲರ್ ಕಾಂಪೌಂಡಿನಾಚೆಯಿಂದ ತಲೆ ಹಾಕಿದ. "ಗಡಿ ದಾಟಿ ಕದ್ದು ಬಂದೋರು ಅರ್ಧ ಕೂಲಿಗೆ ಬರ್ತಾರೆ. ಗುರುತಿನ ಕಾಗದ ಇಲ್ಲ ನೋಡಿ, ಬೈದ್ರೂ ತುಟಿ ಪಿಟಕ್ಕನ್ನಲ್ಲ. ನಿಮ್ಮಂಥ ಬಾಯಿಬಡುಕರು ಯಾರಿಗೆ ಬೇಕು? ನೀವೂ ಅವರ ಥರ ಬಾಯಿಗೆ ಬೀಗ ಹಾಕ್ಕೊಂಡು ಹೋಗಿ."

ಮೇಸ್ತ್ರಿಗೆ ಉಪಾಯ ಹಿಡಿಸಿತು. ಗೋಡೆಯನ್ನೇ ನೆಟ್ಟಗೆ ನಿಲ್ಲಿಸುವವನಿಗೆ ನಾಲಿಗೆಯನ್ನು ನಿಲ್ಲಿಸುವುದು ಯಾವ ಮಹಾ ಕೆಲಸ!

"ಕಾಗದ ಇದೆಯಾ?" ಎಂದ, ಊರಾಚೆ ಗೋಡೌನು ಕಟ್ಟಿಸುತ್ತಿದ್ದ ಕಂಟ್ರಾಕ್ಟರ್. ಮೇಸ್ತ್ರಿ ಪಿಳಿಪಿಳಿ ಕಣ್ಣು ಬಿಟ್ಟ.

"ಇಂಥೋನೇ ಬೇಕಿತ್ತು ನಂಗೆ!" ಎಂದು ಕಂಟ್ರಾಕ್ಟರ್ ಅವನನ್ನು ಗೋಡೌನಿಗೆ ಅಟ್ಟಿದ.

ಗೋಡೌನಿನ ಮೂರು ಗೋಡೆ ಎದ್ದಿದ್ದವು. ನಾಲ್ಕನೆಯದನ್ನು ಮೇಸ್ತ್ರಿ ಒಂದು ತುದಿಯಿಂದ, ಒಬ್ಬ ಮೀಸೆಯವನು ಇನ್ನೊಂದು ತುದಿಯಿಂದ ಕಟ್ಟಬೇಕು. ನಡುವೆ ಒಬ್ಬ ಬೋಳುತಲೆಯವನು ಗಾರೆ ಕಲೆಸುತ್ತಿದ್ದ. ಇಬ್ಬರೂ ಮೂಕರಂತಿದ್ದರು. 'ಪಾಪ, ಯಾವ ದೇಶದವರೋ' ಎಂದು ಮೇಸ್ತ್ರಿ ಮರುಗಿದ. ಬಾಗಿಲಿಗೆ ಜಾಗ ಬಿಡಿ ಎಂದು ಕೈಸನ್ನೆ ಮಾಡಿ, ಕಂಟ್ರಾಕ್ಟರ್ ಒಳಗಿನ ನೆರಳಲ್ಲಿ ಕುರ್ಚಿ ಹಾಕಿಕೊಂಡು ಗೊರಕೆ ಹೊಡೆಯತೊಡಗಿದ.

ಮೇಸ್ತ್ರಿ ತನ್ನ ತುದಿಯಲ್ಲಿ ಬಾಗಿಲಿಗೆ ಜಾಗ ಬಿಟ್ಟ. ಮೀಸೆಯವನು ಅವನ ತುದಿಯಲ್ಲಿ ಬಿಟ್ಟ. ಒಂದು ಗೋಡೌನಿಗೆ ಎರಡು ಬಾಗಿಲೇಕೆ? ಪಾಪದವನಿಗೆ ತಿಳಿದಿಲ್ಲವೆಂದು ಮೇಸ್ತ್ರಿ ಹೋಗಿ ಮೀಸೆಯವನ ಜಾಗ ಮುಚ್ಚಿದ. ಅದೇ ಹೊತ್ತಿಗೆ ಮೀಸೆಯವನು ಈ ತುದಿಗೆ ಬಂದು, ಅದೇ ಕನಿಕರದಿಂದ, ಮೇಸ್ತ್ರಿಯ ಜಾಗ ಮುಚ್ಚಿದ. ಗೋಡೆ ಕತ್ತಿನವರೆಗೆ ಬಂದಾಗ ಇಬ್ಬರೂ ಹಿಂದೆ ಸರಿದು ನೋಡಿದರು. ಬಾಗಿಲೇ ಇರಲಿಲ್ಲ. ಏನೆಂದು ಹೇಳುವುದು, ಯಾವ ಭಾಷೆಯಲ್ಲಿ?

ಆಗಲೇ ತಪಾಸಣೆ ಅಧಿಕಾರಿಗಳ ಜೀಪು ಬಂತು. "ಕಾಗದ ಇಲ್ಲದೋನು ಇಲ್ಲಿದಾನೆ ಅಂತ ದೂರು ಬಂದಿದೆ. ಎಲ್ರೂ ಕಾಗದ ತೆಗೀರಿ!"

ಮೇಸ್ತ್ರಿ ಎದೆಯುಬ್ಬಿಸಿ ಗುರುತಿನ ಚೀಟಿ ತೆಗೆದ. "ತಗೊಳ್ಳಿ ಸಾರ್! ನಾನು ಇಲ್ಲೇ ಹುಟ್ಟಿದೋನು!"

"ನಾನೂ!" ಎಂದ ಮೀಸೆಯವನು.

"ನಮ್ಮ ತಾತಾನೂ ಇಲ್ಲೇ ಹುಟ್ಟಿದ್ದು!" ಎಂದ ಬೋಳುತಲೆಯವನು.

"ನಿಂಗೆ ಮಾತು ಬರುತ್ತಾ?" ಮೇಸ್ತ್ರಿ ಮೀಸೆಯವನ ಮೇಲೆ ಹರಿಹಾಯ್ದ. "ಬೆಳಿಗ್ಗೆಯಿಂದ ಕೈ ತಿರುಗಿಸಿ ತಿರುಗಿಸಿ ತೋಳು ಬಿದ್ದುಹೋಯ್ತಲ್ಲಯ್ಯಾ!"

"ನೀನೇ ಮೂಕನ ಥರ ಇದ್ಯಲ್ಲ, ನಾನೇನು ಕನಸು ಕಂಡಿದ್ನಾ?"

ಗೋಡೆಯೊಳಗೆ ಕುರ್ಚಿ ಉರುಳಿದ ಸದ್ದಾಯಿತು. ಎಚ್ಚೆತ್ತ ಕಂಟ್ರಾಕ್ಟರ್ ಬಾಗಿಲು ಹುಡುಕಿ ಒಂದು ಸುತ್ತು ಹಾಕಿದ, ಎರಡು ಸುತ್ತು ಹಾಕಿದ. ಕೊನೆಗೆ ಹಸಿ ಗೋಡೆಯನ್ನೇ ಹತ್ತಿ, ಹೊಟ್ಟೆಗೆಲ್ಲ ಸಿಮೆಂಟು ಮೆತ್ತಿಕೊಂಡು, ಈಚೆಗೆ ಧುಮುಕಿ ಓಟ ಕಿತ್ತ. ದೂರು ಇದ್ದದ್ದು ಅವನ ಮೇಲೆಯೇ; ಹದಿನೈದು ವರ್ಷದ ಹಿಂದೆ ಗಡಿಬೇಲಿಯನ್ನೂ ಹೀಗೇ ಹಾರಿದ್ದನಂತೆ. ಅಧಿಕಾರಿಗಳಿಗೆ ಅವನು ಸಿಗಲಿಲ್ಲ. ಅವರು ಕೆಲಸ ನಿಲ್ಲಿಸಿ ಗೇಟಿಗೆ ಬೀಗ ಜಡಿದರು.

ಸಂಜೆ ಮೇಸ್ತ್ರಿ ಅಭಿಮಾನವನ್ನೆಲ್ಲ ನುಂಗಿಕೊಂಡು ಲಾಂಡ್ರಿಯ ಮೆಟ್ಟಿಲು ಹತ್ತಿದ.

"ಅಯ್ಯೋ ಭಾವ, ತಡ ಮಾಡಿಬಿಟ್ರಲ್ಲ!" ಎಂದ ಭಾವಮೈದುನ. "ಈಗಷ್ಟೇ ಒಬ್ಬ ಸಿಕ್ಕಿದ. ಕಾಗದ ಇಲ್ಲ, ಅರ್ಧ ಸಂಬಳ ಸಾಕಂತೆ. ಪಾಪ, ಒಂದಕ್ಷರ ಮಾತು ಬರಲ್ಲ."

ಇಸ್ತ್ರಿಯ ಹಬೆಯ ಆಚೆ ನಿಂತವನು ತಿರುಗಿದ. ಹೊಟ್ಟೆಯ ಮೇಲೆ ಸಿಮೆಂಟು ಒಣಗಿತ್ತು. ಅವನು ತುಟಿಯ ಮೇಲೆ ಬೆರಳಿಟ್ಟು ದೈನ್ಯದಿಂದ ನೋಡಿದ.

ಮೇಸ್ತ್ರಿಗೆ ಮೈಯೆಲ್ಲ ಉರಿಯಿತು. ಆದರೆ ಬಂದ ಮಾತನ್ನು ಗಂಟಲಲ್ಲೇ ಹಿಡಿದು ದುಡಿಯುವ ಕಷ್ಟ ಒಂದು ದಿನಕ್ಕೇ ಅವನಿಗೆ ಗೊತ್ತಾಗಿತ್ತು. ತೆರೆದ ಬಾಯಿ ಮುಚ್ಚಿದ.

"ಒಂದು ಬುದ್ಧಿ ಮಾತು ಹೇಳ್ಲಾ ಭಾವ?" ಎಂದ ಭಾವಮೈದುನ. "ಕೆಲಸ ಸಿಗಬೇಕಾದ್ರೆ ಬಾಯಿ ಮುಚ್ಕೊಂಡಿರೋದನ್ನ ಇವನನ್ನ ನೋಡಿ ಕಲೀರಿ."