ಹೆಂಡತಿಗೆ ಹತ್ತಕ್ಕೆ ನಾಲ್ಕು

ದುಃಖದ ಮನೆಯನ್ನೇ ಇಂಥ ತಮಾಷೆಗಳು ಹುಡುಕಿಕೊಂಡು ಬರುತ್ತವೆ. ನಗಬಾರದು ಅಂತ ಕುಂತಾಗಲೇ ಬರುತ್ತವೆ.

ಯರಗಟ್ಟಿಯಲ್ಲಿ ನನ್ನದು ಹಿಟ್ಟಿನ ಗಿರಣಿ. ಹೆಂಡತಿ ತೀರಿಹೋದ ಮೇಲೂ ಊರ ಜೋಳ ಬೀಸಿದೆ. ನನಗೆ ಮಾತ್ರ ರೊಟ್ಟಿ ಗಂಟಲಲ್ಲಿ ಇಳಿಯಲಿಲ್ಲ. ಮೈ ಕಡ್ಡಿಯಾಯಿತು. ಮಗಳು ಹೆದರಿ ಬೈಲಹೊಂಗಲದ ಒಂದು ದವಾಖಾನೆಗೆ ಕರೆದುಕೊಂಡು ಹೋದಳು. ಅಲ್ಲಿ ಒಬ್ಬ ಮೇಡಮ್ಮರು ಬಂದವರ ಕೈಯಿಂದ ಹಾಳೆಯ ಮೇಲೆ ಚಿತ್ರ ತೆಗೆಸಿ ಮನಸ್ಸಿನ ಬ್ಯಾನಿ ಇಳಿಸುತ್ತಿದ್ದರು.

೧. ಬೆನ್ನು

"ಮನಸ್ಸಿನ್ಯಾಗ ಇದ್ದದ್ದು ತಗೀರಿ," ಅಂದರು.

ಹೆಂಡತಿ ಒಲೆ ಮುಂದೆ ರೊಟ್ಟಿ ಬಡಿಯೋದು ತೆಗೆದೆ. ಮುಖ ಬರಲಿಲ್ಲ. ಬೆನ್ನು ತಿರುಗಿಸಿ ಕೂರಿಸಿದೆ.

"ನೋಡಿದ್ರ ಏನ ಅನಸ್ತೈತ್ರಿ?"

"ಸಿಟ್ಟಿಗೆದ್ದಾಳ ಅನಸ್ತೈತ್ರಿ."

"ಯಾಕ್ರಿ?"

"ನಾ ಉಂಡಿಲ್ಲಲ್ರಿ."

ಅವತ್ತು ಮನೆಗೆ ಬಂದು ಅರ್ಧ ರೊಟ್ಟಿ ತಿಂದೆ. ಚಿತ್ರದಾಗಿದ್ದರೂ ಹೆಂಡತಿ ಹೆಂಡತಿಯೇ.

೨. ಸೊಂಟ

ಚಿತ್ರವನ್ನು ಗಿರಣಿಯ ಗ್ವಾಡಿಗೆ ಹಚ್ಚಿದ್ದೆ. ನೆರೆಮನೆಯ ಡ್ರಾಯಿಂಗ್ ಮಾಸ್ತರರು ಜೋಳ ತಂದವರು ನೋಡಿದರು.

"ಸೊಂಟ ದಪ್ಪಾಗೈತಿ."

"ಹಂಗ ಇತ್ತರಿ."

"ಇದ್ರೂ ಹಂಗ ತಗೀಬಾರ್ದು."

ರಬ್ಬರಿನಿಂದ ಅಳಿಸಿ ಸೊಂಟ ಸಣ್ಣ ಮಾಡಿದರು. ಮೂಲೆಗೆ ಕೆಂಪು ಪೆನ್ಸಿಲ್ಲಿಂದ ಹತ್ತಕ್ಕೆ ನಾಲ್ಕು ಅಂತ ಬರೆದರು. ನನ್ನ ಒಲೆ ಮುಂದೆ ಯಾರೋ ಪರರ ಹೆಣ್ಣುಮಗಳು ಕುಂತಂಗಾಯಿತು. ಮತ್ತೆ ರೊಟ್ಟಿ ನಿಂತಿತು.

ಮಗಳು ಅವರ ಬಾಗಿಲಿಗೆ ಹೋದಳು.

"ನಮ್ಮವ್ವಗ ನಾಕು ಮಾರ್ಕ್ಸ್ ಕೊಡಾಕ ನೀವ್ಯಾರ್ರಿ?"

"ಪಾಸ್ ಮಾಡೇನಲ್ಲವಾ," ಅಂದರು.

೩. ತಿಳುವಳಿಕೆ

ಮಗಳು ಮಾಸ್ತರರನ್ನೂ ಬೈಲಹೊಂಗಲಕ್ಕೆ ಎಳೆದುಕೊಂಡು ಬಂದಳು. ಮೇಡಮ್ಮರು ಸಮಾಧಾನದಿಂದ ತಿಳಿಸಿದರು.

"ಸಾಲ್ಯಾಗ ನೀವು ಚಿತ್ರ ನೋಡ್ತೀರಿ. ಇಲ್ಲೆ ತಗ್ಯಾವ್ರನ್ನ ನೋಡಬೇಕ್ರಿ."

ಮಾಸ್ತರರು ಒಪ್ಪಿದರು. ಚಿತ್ರ ತೆಗೆಯುತ್ತ ಕುಂತ ಎಲ್ಲರ ಹಿಂದೆ ತಿರುಗಾಡಿ ಒಬ್ಬೊಬ್ಬರ ಬೆನ್ನು ಹಿಡಿದು ನೆಟ್ಟಗೆ ಮಾಡಿದರು.

೪. ಗಡಿಗಿ

ಕಡೆಗೆ ಮೇಡಮ್ಮರು ಮಾಸ್ತರರನ್ನೇ ಕೂರಿಸಿ ಚಿತ್ರ ತೆಗೆಸಿದರು. ಪರೀಕ್ಷೆಯಲ್ಲಿ ತೆಗೆಸುವಂಥ ಗಡಿಗಿ ತೆಗೆದರು. ಎಡಕ್ಕೂ ಬಲಕ್ಕೂ ಕೂದಲೆಳೆ ಫರಕಿಲ್ಲ.

"ಒಳಗ ಏನೈತ್ರಿ?" ಮೇಡಮ್ಮರು ಕೇಳಿದರು.

"ಒಳಗೇನ್ರಿ? ಗಡಿಗಿ ತಗದು ತಗದು ಮುದುಕಾದೆ. ಇದನ್ನ ಯಾರೂ ಕೇಳಿಲ್ಲ."

ಪಕ್ಕದ ಮುದುಕಿ, "ಮಜ್ಜಿಗಿ ಇರಬೇಕು," ಅಂದಳು. ರಿಟೈರಾದ ಪೊಲೀಸಪ್ಪ, "ಕಳ್ಳಭಟ್ಟಿ," ಅಂದ. ನನ್ನ ಬಾಯಿಂದ ತಾನೇ ಬಂತು: "ಪುಂಡಿಪಲ್ಯ. ನಮ್ಮಾಕಿ ಮಾಡಿದ್ದು."

ಮಾಸ್ತರರು ಹಾಳೆಗೆ ಮೂಗು ಹಚ್ಚಿ ಮೂಸಿದರು.

"ಹೌದ್ರಿ. ಪುಂಡಿಪಲ್ಯನ ಐತಿ."

ನನ್ನ ಬಾಯಲ್ಲಿ ನೀರು ಬಂತು. ಬಸ್‌ಸ್ಟ್ಯಾಂಡಿನ ಹತ್ತಿರ ಖಾನಾವಳಿಗೆ ಹೋದೆವು. ರೊಟ್ಟಿ, ಪುಂಡಿಪಲ್ಯ ಬಂತು. ಒಂದು ತುತ್ತು ಇಳಿಯಿತು. ಇನ್ನೊಂದೂ ಇಳಿಯಿತು. ಮಗಳು ಅತ್ತ ಮುಖ ಮಾಡಿ ಕಣ್ಣು ಒರೆಸಿಕೊಂಡಳು.

ಮಾಸ್ತರರು ರೊಟ್ಟಿ ಮುರಿದವರು ಹಾಗೇ ಕುಂತರು.

"ಏನಾತ್ರಿ?"

"ಚಿತ್ರದಾಗ ಗಡಿಗಿಗೆ ಮುಚ್ಚಳ ಹಾಕಿಲ್ಲ. ದವಾಖಾನ್ಯಾಗ ಬೆಕ್ಕು ಅದಾವು."

ಎಂಜಲ ಕೈಯಲ್ಲೇ ಎದ್ದು ಓಡಿದರು. ಅವರ ತಾಟಿನ ರೊಟ್ಟಿಯನ್ನೂ ನಾನೇ ತಿಂದೆ.