ಮೂವತ್ತೆಂಟು ಹೆಸರುಗಳು

ಮಾಹಿತಿ ಹಕ್ಕಿನಡಿ ಹಳೆಯ ಫೈಲೊಂದನ್ನು ಕೇಳಿ ಅರ್ಜಿ ಬಂದಿತ್ತು. ನಿಯಮದಂತೆ ಜೆರಾಕ್ಸ್ ತೆಗೆದು ಆ ಪ್ರತಿಯಲ್ಲಿ ಹೆಸರುಗಳನ್ನು ಮುಚ್ಚಿ ಕೊಡಬೇಕಿತ್ತು. ಗುಮಾಸ್ತರು ಅವಸರದಲ್ಲಿ ಮೂಲ ಹಾಳೆಗೇ ಮಸಿ ಬಳಿದುಬಿಟ್ಟರು. ನಲವತ್ತು ವರ್ಷದ ಹಿಂದಿನ ಕಳ್ಳಸಾಗಣೆ ಗ್ಯಾಂಗಿನ ಪಟ್ಟಿ ಅದು. ಮೂವತ್ತೆಂಟು ಹೆಸರೂ ಈಗ ಎಮ್ಮೆಯ ಬೆನ್ನಿನಂತೆ ಮಿರಮಿರ ಮಿಂಚುತ್ತಿದ್ದವು.

ನಿವೃತ್ತಿಗೆ ಎರಡೇ ತಿಂಗಳು. ಮೂಲ ದಾಖಲೆ ಕೆಡಿಸಿದವರಿಗೆ ಸಸ್ಪೆಂಡ್ ಖಂಡಿತ.

"ಸ್ಪಿರಿಟ್ ಹಚ್ಚಿ ಸಾರ್, ಹೋಗುತ್ತೆ," ಎಂದರು ಟೈಪಿಸ್ಟ್ ಅಕ್ಕ. ಹಚ್ಚಿದರು. ಮಸಿ ಹೋಗಲಿಲ್ಲ, ಕಾಗದ ತೂತಾಯಿತು.

"ಬೆಳಕಿಗೆ ಹಿಡೀರಿ, ಹಿಂದಿನಿಂದ ಕಾಣುತ್ತೆ," ಎಂದ ಜವಾನ. ಹಿಡಿದರು. ತೂತಿನಲ್ಲಿ ಎದುರುಮನೆಯವರು ಒಣಹಾಕಿದ ಬಟ್ಟೆ ಕಂಡಿತು.

"ನೆನಪಿರೋದನ್ನ ಬರೆದುಬಿಡಿ ಮತ್ತೆ!" ಎಂದರು ಅಕ್ಕ.

"ನನ್ನ ಷಡ್ಡಕನ ಹೆಸರೇ ನೆನಪಿರಲ್ಲ ಕಣಮ್ಮ, ಕಳ್ಳರದ್ದು ಎಲ್ಲಿಂದ ತರಲಿ?"

ಮೂರು ಗಂಟೆಗೆ ಅರ್ಜಿದಾರರೇ ಬಂದರು. ಹಲ್ಲಿಲ್ಲದ, ಕೋಲೂರಿದ ಅಜ್ಜ. ಗುಮಾಸ್ತರ ಮುಖ ನೋಡಿ ತಮ್ಮ ನೀರಿನ ಬಾಟಲಿ ಮುಂದೆ ತಳ್ಳಿದರು.

"ಮೊದಲು ನೀರು ಕುಡಿ ಮಗಾ. ಆಮೇಲೆ ಹೇಳು."

ಎಲ್ಲ ಕೇಳಿ ನಕ್ಕರು. "ಅಷ್ಟೇನಾ? ಬರ್ಕೋ. ಆ ಗ್ಯಾಂಗಲ್ಲಿ ನಾನೂ ಇದ್ದೆ, ಜೈಲೂ ಮುಗಿಸಿ ಬಂದೆ. ಮೊಮ್ಮಗಳು ನಂಬಲ್ಲ. 'ಅಜ್ಜ, ನೀನು ಇರುವೆ ತುಳಿಯೋಕೂ ಹೆದರ್ತೀಯ' ಅಂತಾಳೆ. ಅದಕ್ಕೇ ಸರ್ಕಾರಿ ಕಾಗದ ಬೇಕು."

ಒಂದೊಂದಾಗಿ ಮೂವತ್ತೆಂಟೂ ಹೇಳಿದರು, ಅಡ್ಡಹೆಸರು ಸಮೇತ. ಗುಮಾಸ್ತರು ಅವರ ಕೈ ಹಿಡಿದುಕೊಂಡೇ ಬರೆದರು.

ಮೇಲಧಿಕಾರಿ ಮೇಡಂ ಹೊಸ ಪಟ್ಟಿ ಓದಿದರು. "ನಡೆದದ್ದನ್ನ ಟಿಪ್ಪಣೀಲಿ ನಾನೇ ಬರೀತೀನಿ, ಹೆದರಬೇಡಿ. ಈಗ ಜೆರಾಕ್ಸ್ ತೆಗೆದು, ಹೆಸರು ಮುಚ್ಚಿ, ಅಜ್ಜನಿಗೆ ಕೊಡಿ."

"ಮೇಡಂ, ಹೇಳಿದ್ದೇ ಅವರು!"

"ಹೇಳಿರಬಹುದು. ಈಗ ಫೈಲಿಗೆ ಸೇರಿತಲ್ಲ, ಗುಟ್ಟು ಗುಟ್ಟೇ."

"ನನ್ನ ಹೆಸರಾದರೂ ಬಿಡಿ ತಾಯಿ," ಎಂದರು ಅಜ್ಜ.

"ನಿಮ್ಮ ಹೆಸರು ಯಾರಿಗೂ ಗೊತ್ತಾಗಬಾರದು ಅಂತಾನೇ ಈ ನಿಯಮ ಇರೋದು!"

ಗುಮಾಸ್ತರು ಮತ್ತೆ ಮಸಿ ಬಳಿಯಲು ಕೂತರು, ಈ ಸಲ ಜೆರಾಕ್ಸ್ ಪ್ರತಿಗೆ. ಹಾಳೆ ಜಾರದಂತೆ ಅಜ್ಜ ಅಂಚು ಹಿಡಿದುಕೊಂಡರು. ಮುಗಿದ ಮೇಲೆ ಅದನ್ನೆತ್ತಿ ನೋಡಿ, ಬೊಚ್ಚುಬಾಯಿ ಅಗಲಿಸಿದರು.

"ಇಷ್ಟು ಕಪ್ಪು ಬಳಿದಿದ್ದಾರೆ ಅಂದ್ರೆ ನಾನು ಭಾರೀ ಆಸಾಮೀನೇ ಅಂತ ನಂಬ್ತಾಳೆ ಬಿಡು!"

ಗುಮಾಸ್ತರು ಬೆಳಗಿನಿಂದ ಹಿಡಿದಿಟ್ಟಿದ್ದ ಉಸಿರು ಬಿಟ್ಟರು. ಕೆಲಸ ಉಳಿಯಿತು.

ಅಜ್ಜ ಜೇಬಿನಿಂದ ಕಾಗದದ ಕಟ್ಟು ತೆಗೆದರು. "ನಮ್ಮ ಗ್ಯಾಂಗಿನದು ಇನ್ನೂ ಹನ್ನೊಂದು ಫೈಲಿವೆ. ಅರ್ಜಿ ಬರ್ಕೊಂಡೇ ಬಂದಿದೀನಿ. ಎಲ್ಲಾನೂ ನಿನ್ನ ಕೈಲೇ ಮಾಡಿಸ್ಕೊಳ್ತೀನಿ ಮಗಾ. ಇಷ್ಟು ಅಚ್ಚುಕಟ್ಟಾಗಿ ಬೇರೆ ಯಾರು ಮುಚ್ತಾರೆ?"